ಅಮ್ಮ ಇನ್ನು ಯುಪಿಐ ಬೇಡ ಅಂತಿದ್ದಾರೆ. ಬಿಡಿಸಬೇಕಾ, ಉಳಿಸಬೇಕಾ?

ತ್ಯಾಗರಾಜನಗರ_ಮಗಳು | ಭಾನುವಾರ, ಬೆಳಿಗ್ಗೆ 9:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮ ಅಮ್ಮನಿಗೆ 71 ವರ್ಷ. ಶಾಲೆಯಲ್ಲಿ ಟೀಚರ್ ಆಗಿದ್ದವರು, ಪಿಂಚಣಿ ಬರುತ್ತದೆ. ಅಪ್ಪ ಇಲ್ಲ. ಬೆಂಗಳೂರಿನ ತ್ಯಾಗರಾಜನಗರದ ಹಳೇ ಮನೆಯಲ್ಲಿ ಒಬ್ಬರೇ ಇದ್ದಾರೆ. ನಾನು ಕೆಂಗೇರಿಯಲ್ಲಿ. ಲಾಕ್‌ಡೌನ್ ಸಮಯದಲ್ಲಿ ಅವರಿಗೆ ಯುಪಿಐ ಕಲಿಸಿದ್ದು ನಾನೇ. ಆಮೇಲೆ ಗಾಂಧಿ ಬಜಾರಿನ ಹೂವಿನವರಿಂದ ಹಿಡಿದು ಔಷಧಿ ಅಂಗಡಿವರೆಗೆ ಎಲ್ಲಾ ಫೋನಿನಲ್ಲೇ. ಎಟಿಎಂ ಮುಂದೆ ನಿಲ್ಲುವುದು ತಪ್ಪಿತು. ಚಿಲ್ಲರೆ ತಕರಾರು ತಪ್ಪಿತು. ಯಾರನ್ನೂ ಕೇಳದೆ ತನ್ನ ಕೆಲಸ ತಾನು ಮಾಡಿಕೊಳ್ಳುತ್ತೇನೆ ಅನ್ನುವ ಧೈರ್ಯ ಅಮ್ಮನ ಮುಖದಲ್ಲೇ ಕಾಣುತ್ತಿತ್ತು.

ಗುರುವಾರ ಸಂಜೆ ವಾಟ್ಸಾಪ್‌ಗೆ ಒಂದು ಮೆಸೇಜ್ ಬಂದಿದೆ. ಕರೆಂಟ್ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ ಒಂಬತ್ತೂವರೆಗೆ ಲೈನ್ ಕಟ್ ಮಾಡುತ್ತೇವೆ ಅಂತ. ಕೆಳಗೆ ಒಂದು ನಂಬರ್. ಅಮ್ಮ ಫೋನ್ ಮಾಡಿದ್ದಾರೆ. ಆ ಕಡೆಯವನು ಒಳ್ಳೇ ಕನ್ನಡದಲ್ಲಿ, "ಗಾಬರಿ ಆಗ್ಬೇಡಿ ಅಮ್ಮಾ, ಒಂದು ಫೈಲ್ ಕಳಿಸ್ತೀನಿ, ಹತ್ತು ರೂಪಾಯಿ ಕಟ್ಟಿದ್ರೆ ಸಿಸ್ಟಮ್‌ನಲ್ಲಿ ಸರಿ ಹೋಗುತ್ತೆ" ಅಂದನಂತೆ. ಆ ಫೈಲ್ ಒಂದು ಎಪಿಕೆ, ಅಂದರೆ ಫೋನಿಗೆ ಆಪ್ ಹಾಕುವ ಫೈಲ್. ಇನ್‌ಸ್ಟಾಲ್ ಮಾಡಿ, ಅದರೊಳಗೆ ಡೆಬಿಟ್ ಕಾರ್ಡ್ ನಂಬರ್ ಹಾಕಿದ್ದಾರೆ. ಕಾಲು ಗಂಟೆಯಲ್ಲಿ ಮೂರು ಸಲ ದುಡ್ಡು ಹೋಗಿದೆ. ಒಟ್ಟು 48,500.

ನನಗೆ ಗೊತ್ತಾಗಿದ್ದು ನಿನ್ನೆ ರಾತ್ರಿ. ಎರಡು ದಿನ ಅಮ್ಮ ಯಾರಿಗೂ ಹೇಳಿಲ್ಲ. ಸರಿಯಾಗಿ ಊಟ ಮಾಡಿಲ್ಲ. ಯಾಕಮ್ಮ ಹೇಳಲಿಲ್ಲ ಅಂದರೆ, "ಬೈತೀಯ ಅಂತ" ಅಂದರು. ಅದನ್ನು ಕೇಳಿ ನನಗೆ ದುಡ್ಡು ಹೋದದ್ದೇ ಮರೆತುಹೋಯಿತು.

ಈಗ ಅಮ್ಮ ಸ್ಮಾರ್ಟ್‌ಫೋನನ್ನೇ ವಾಪಸ್ ತಗೋ ಅಂತಿದ್ದಾರೆ. ಅಣ್ಣನೂ ಹಾಗೇ ಮಾಡು ಅನ್ನುತ್ತಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನೀವು ನಿಮ್ಮ ಮನೆಯ ಹಿರಿಯರಿಗೆ ಏನು ಏರ್ಪಾಡು ಮಾಡಿದ್ದೀರಿ?

ನಿವೃತ್ತ_ಬ್ಯಾಂಕ್_ನೌಕರ | ಭಾನುವಾರ, 9:31

ಮೊದಲು ಇದನ್ನು ಹೇಳಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಿರಾ? ಕಾರ್ಡ್ ಬ್ಲಾಕ್ ಆಯಿತಾ? ಆ ಫೋನಿನಲ್ಲಿ ಇಂಟರ್‌ನೆಟ್ ಇನ್ನೂ ಆನ್ ಇದೆಯಾ? ಇದ್ದರೆ ಈಗಲೇ ಆಫ್ ಮಾಡಿ. ಉಳಿದ ಮಾತು ಆಮೇಲೆ.

ತ್ಯಾಗರಾಜನಗರ_ಮಗಳು | ಭಾನುವಾರ, 9:40

ಹೌದು ಸರ್. ರಾತ್ರಿಯೇ 1930ಕ್ಕೆ ಮಾಡಿದೆ. ಕಾರ್ಡ್ ಬ್ಲಾಕ್ ಮಾಡಿಸಿದೆ. ದೂರಿನ ನಂಬರ್ ಮೆಸೇಜ್‌ನಲ್ಲಿ ಬಂತು. ಫೋನ್ ಆಫ್ ಮಾಡಿ ಇಟ್ಟಿದ್ದೇನೆ. ಇವತ್ತು ಭಾನುವಾರ, ನಾಳೆ ಬ್ಯಾಂಕಿಗೆ ಹೋಗುತ್ತೇನೆ.

ನಿವೃತ್ತ_ಬ್ಯಾಂಕ್_ನೌಕರ | ಭಾನುವಾರ, 10:05

ಒಳ್ಳೆಯದು. ಈಗ ನಿಧಾನವಾಗಿ ಹೇಳುತ್ತೇನೆ.

1930 ಯಾಕೆ ಅಷ್ಟು ಮುಖ್ಯ ಅಂದರೆ, ಕಳ್ಳರು ದುಡ್ಡನ್ನು ಒಂದೇ ಕಡೆ ಇಡುವುದಿಲ್ಲ. ಮೊದಲು ಬೇರೆಯವರ ಹೆಸರಿನ ಒಂದು ಬಾಡಿಗೆ ಖಾತೆಗೆ, ಅಲ್ಲಿಂದ ನಾಲ್ಕು ಕಡೆಗೆ, ಅಲ್ಲಿಂದ ಎಟಿಎಂಗೆ. ನೀವು ದೂರು ಕೊಟ್ಟ ತಕ್ಷಣ ಆ ದಾರಿಯಲ್ಲಿರುವ ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ. ಎಲ್ಲಿ ಇನ್ನೂ ದುಡ್ಡು ಉಳಿದಿದೆಯೋ ಅಲ್ಲಿ ತಡೆ ಹಾಕುತ್ತಾರೆ. ಮೊದಲ ಒಂದು ಗಂಟೆಯಲ್ಲಿ ಹೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ಎರಡು ದಿನ ಅಂದರೆ ತುಂಬಾ ತಡ. ಆದರೂ ಏನಾದರೂ ಸಿಕ್ಕಿಬಿದ್ದಿರಬಹುದು, ಆಸೆ ಬಿಡಬೇಡಿ.

ಇನ್ನು ಬ್ಯಾಂಕಿನ ಹೊಣೆ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ತಪ್ಪು ಬ್ಯಾಂಕಿನದಾದರೆ ಗ್ರಾಹಕರ ಮೇಲೆ ಏನೂ ಹೊರೆ ಇಲ್ಲ. ತಪ್ಪು ಇಬ್ಬರದೂ ಅಲ್ಲ, ನಡುವೆ ಎಲ್ಲೋ ಆಗಿದೆ ಅಂದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಪೂರ್ತಿ ದುಡ್ಡು ಬ್ಯಾಂಕ್ ತುಂಬಿಕೊಡಬೇಕು. ನಾಲ್ಕರಿಂದ ಏಳು ದಿನ ಆದರೆ ಒಂದು ಮಿತಿಯವರೆಗೆ ನಷ್ಟ ನಮ್ಮದು. ಆದರೆ ಗ್ರಾಹಕರೇ ಕಾರ್ಡಿನ ವಿವರ, ಓಟಿಪಿ ಕೊಟ್ಟಿದ್ದರೆ, ದೂರು ಕೊಡುವ ತನಕ ಹೋದದ್ದೆಲ್ಲ ಗ್ರಾಹಕರ ತಲೆಗೆ. ದೂರು ಕೊಟ್ಟ ಮೇಲೂ ಹೋದರೆ ಅದು ಬ್ಯಾಂಕಿನ ಹೊಣೆ.

ನಿಮ್ಮ ಬ್ಯಾಂಕ್ "ಗ್ರಾಹಕರ ಅಜಾಗರೂಕತೆ" ಅಂತ ಬರೆದು ಕೈತೊಳೆದುಕೊಳ್ಳಲು ನೋಡಬಹುದು. ಅಮ್ಮ ಓಟಿಪಿಯನ್ನು ಯಾರಿಗೂ ಹೇಳಲಿಲ್ಲ, ಆಪ್ ಅದನ್ನು ಮೆಸೇಜಿನಿಂದ ಕದ್ದಿದೆ. ಇದನ್ನು ಬರವಣಿಗೆಯಲ್ಲೇ ಕೊಡಿ, ಕಾಪಿಗೆ ಸೀಲ್ ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ. ವಕೀಲರೂ ಬೇಡ.

ಕತ್ರಿಗುಪ್ಪೆ_ಹುಡುಗ | ಭಾನುವಾರ, 10:22

ನಿಮ್ಮ ಅಣ್ಣ ಹೇಳಿದ್ದೇ ಸರಿ ಮೇಡಂ. 71 ವರ್ಷದವರಿಗೆ ಇದೆಲ್ಲ ಯಾಕೆ? ತಿಂಗಳಿಗೊಮ್ಮೆ ನೀವೇ ಕ್ಯಾಶ್ ತಂದುಕೊಡಿ. ಕ್ಯಾಶ್ ಕೈಯಲ್ಲಿದ್ದರೆ ಜಾರ್ಖಂಡಿನಲ್ಲಿ ಕೂತವನು ಕದಿಯಲಾರ.

ಗ್ರಂಧಿಗೆ_ಅಂಗಡಿ | ಭಾನುವಾರ, 11:15

ನಾನು ಗಾಂಧಿ ಬಜಾರ್ ಹತ್ತಿರ ಪೂಜಾ ಸಾಮಾನಿನ ಅಂಗಡಿ ಇಟ್ಟಿದ್ದೇನೆ. ನಿಮ್ಮ ತಾಯಿಯವರು ನಮ್ಮ ಅಂಗಡಿಗೂ ಬಂದಿರಬಹುದು.

ಕ್ಯಾಶ್ ಬೇಕು ಅನ್ನುವವರಿಗೆ ಒಂದು ಮಾತು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ನಗರದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂತಲ್ಲ, ಆಗ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿತ್ತು. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಆಗಬೇಕು ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಆ ದಿನಗಳಲ್ಲಿ ಗಿರಾಕಿಗಳು ಬರುತ್ತಿದ್ದರು, ಜೇಬು ತಡಕುತ್ತಿದ್ದರು, ವಾಪಸ್ ಹೋಗುತ್ತಿದ್ದರು. ಅದರಲ್ಲಿ ವಯಸ್ಸಾದವರೇ ಜಾಸ್ತಿ. ಊರು ಆಗಲೇ ಬದಲಾಗಿಬಿಟ್ಟಿದೆ. ಕ್ಯಾಶ್‌ಗೆ ವಾಪಸ್ ಹೋಗುವುದು ಅಂದುಕೊಂಡಷ್ಟು ಸುಲಭ ಅಲ್ಲ.

ನನ್ನ ಕಷ್ಟವನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಯಾರೋ ಒಬ್ಬ ಗಿರಾಕಿ 640 ರೂಪಾಯಿ ಕೊಟ್ಟು ಊದುಬತ್ತಿ, ಕರ್ಪೂರ ತೆಗೆದುಕೊಂಡು ಹೋದ. ಅದು ಕದ್ದ ದುಡ್ಡಂತೆ. ಇನ್ಯಾವುದೋ ರಾಜ್ಯದಲ್ಲಿ ದೂರು ದಾಖಲಾಗಿ, ಆ ದುಡ್ಡು ಮುಟ್ಟಿದ ಖಾತೆಗಳನ್ನೆಲ್ಲ ತಡೆಹಿಡಿದರು. ನನ್ನ ಖಾತೆಯೂ ಸಿಕ್ಕಿಕೊಂಡಿತು. 640ಕ್ಕೆ ತಡೆ ಹಾಕಿದ್ದರೆ ಸರಿ, ಇಡೀ ಖಾತೆಯೇ ಬಂದ್. 19 ದಿನ ಮಾಲು ತರಲು ದುಡ್ಡಿಲ್ಲ. ಬಿಲ್ಲು, ಸಿಸಿಟಿವಿ ಚಿತ್ರ, ಅಂಗಡಿ ಲೈಸೆನ್ಸ್ ಎಲ್ಲ ಕಳಿಸಿ ಬಿಡಿಸಿಕೊಂಡೆ. ನಾನು ಮಾಡಿದ ತಪ್ಪು ಏನು? ಕರ್ಪೂರ ಮಾರಿದ್ದು.

ಅವತ್ತಿನಿಂದ ಕ್ಯೂಆರ್‌ಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ. ರಾತ್ರಿ ಅಂಗಡಿ ಮುಚ್ಚುವಾಗ ಗಲ್ಲಾಪೆಟ್ಟಿಗೆ ಎಣಿಸಿದ ಹಾಗೆ ಕ್ಯೂಆರ್ ಖಾತೆಯ ದುಡ್ಡನ್ನು ಆ ಕಡೆ ಹಾಕಿಬಿಡುತ್ತೇನೆ. ಏನೇ ಆದರೂ ಒಂದು ದಿನದ ವ್ಯಾಪಾರಕ್ಕೆ ಮಾತ್ರ ಪೆಟ್ಟು ಬೀಳಬೇಕು. ತಾಯಿಯವರಿಗೂ ಹೀಗೇ ಏನಾದರೂ ಮಾಡಬಹುದೇನೋ ನೋಡಿ.

ಕೋಡ್_ಬರೆಯುವವ_ಜೆಪಿನಗರ | ಭಾನುವಾರ, 12:02

ಆ ಫೋನನ್ನು ಸುಮ್ನೆ ಆನ್ ಮಾಡಿ ಮತ್ತೆ ಬಳಸಬೇಡಿ. ಆಪ್ ಅಳಿಸಿದರೆ ಸಾಲದು. ಕೆಲವು ಕಳ್ಳ ಆಪ್‌ಗಳ ಚಿಹ್ನೆಯೇ ಕಾಣುವುದಿಲ್ಲ, ಒಳಗೆ ಕೂತಿರುತ್ತವೆ. ಫೋಟೋಗಳನ್ನು ಮಾತ್ರ ತೆಗೆದುಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ. ಅದಕ್ಕೂ ಮೊದಲು ಆ ಮೆಸೇಜ್, ಆ ನಂಬರ್, ದುಡ್ಡು ಹೋದ ಎಸ್ಎಂಎಸ್‌ಗಳ ಫೋಟೋವನ್ನು ಬೇರೆ ಫೋನಿನಿಂದ ಹೊಡೆದುಕೊಳ್ಳಿ. ದೂರಿಗೆ ಬೇಕಾಗುತ್ತದೆ.

ಎಪಿಕೆ ಅಂದರೆ ಆಪ್‌ನ ಮೂಟೆ. ಪ್ಲೇ ಸ್ಟೋರ್ ದಾಟಿ ನೇರವಾಗಿ ಫೋನಿಗೆ ಬರುತ್ತದೆ. ಇನ್‌ಸ್ಟಾಲ್ ಆದ ತಕ್ಷಣ ಎಸ್ಎಂಎಸ್ ಓದಲು ಅನುಮತಿ ಕೇಳುತ್ತದೆ. ನಾವು "ಅಲೌ" ಒತ್ತಿದೆವು ಅಂದರೆ ಬ್ಯಾಂಕಿನ ಓಟಿಪಿ ನಮಗೆ ಬಂದ ಕ್ಷಣದಲ್ಲೇ ಅವನಿಗೂ ಹೋಗುತ್ತದೆ. ಕಾರ್ಡ್ ನಂಬರನ್ನು ಹತ್ತು ರೂಪಾಯಿ ನೆಪದಲ್ಲಿ ಆಗಲೇ ಪಡೆದಿರುತ್ತಾನೆ. ಎರಡೂ ಸೇರಿತು, ಮುಗಿಯಿತು. ಕರೆಂಟ್ ಬಿಲ್, ಟ್ರಾಫಿಕ್ ದಂಡ, ಮದುವೆ ಕರೆಯೋಲೆ, ಹೆಸರು ಬೇರೆ ಬೇರೆ, ಮೂಟೆ ಮಾತ್ರ ಒಂದೇ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆಪ್ಸ್" ಅಂತ ಇರುತ್ತದೆ. ಅಲ್ಲಿ ವಾಟ್ಸಾಪ್, ಕ್ರೋಮ್, ಫೈಲ್ಸ್ ಎಲ್ಲಕ್ಕೂ ಆಫ್ ಮಾಡಿಡಿ. ಮನೆಯಲ್ಲಿರುವ ಎಲ್ಲಾ ಫೋನಿಗೂ ಇವತ್ತೇ ಮಾಡಿ. ಎರಡು ನಿಮಿಷದ ಕೆಲಸ.

ಮೀಟರ್_ಆಟೋ | ಭಾನುವಾರ, 13:20

ನಮ್ಮ ಲೈನಿನಲ್ಲಿ ಬೇರೆ ತರಹ. ಕಳಿಸಿದೆ ಅಂತ ಸ್ಕ್ರೀನ್ ತೋರಿಸಿ ಇಳಿದು ಹೋಗುತ್ತಾರೆ. ನೋಡಿದರೆ ಅದು ಸುಳ್ಳು ಆಪ್. ಅದಕ್ಕೇ ಮಾತಾಡುವ ಪೆಟ್ಟಿಗೆ ಇಟ್ಟುಕೊಂಡೆ. ಪೆಟ್ಟಿಗೆ ಕನ್ನಡದಲ್ಲಿ ಕೂಗಿದ ಮೇಲೇ ಗಾಡಿ ಬಿಡುವುದು.

ಅಮ್ಮನಿಗೆ ಇದೊಂದು ಹೇಳಿಕೊಡಿ ಅಕ್ಕಾ. ದುಡ್ಡು ಬರುವುದಕ್ಕೆ ಪಿನ್ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ, ಯಾವತ್ತೂ ಬರುವುದಿಲ್ಲ. ನನ್ನ ಭಾಮೈದ ಹಳೇ ಸೋಫಾ ಮಾರಲು ಹೋಗಿ, "ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೆ ದುಡ್ಡು ಬರುತ್ತೆ" ಅಂದವನನ್ನು ನಂಬಿ 9,000 ಕಳೆದುಕೊಂಡ.

ವೀಕ್ಷಕ_ರಾಜಾಜಿನಗರ | ಭಾನುವಾರ, 15:48

ಬೇಜಾರಾಗಬೇಡಿ, ಆದರೆ ಟೀಚರ್ ಆಗಿದ್ದವರು ಇಂಥದ್ದನ್ನು ನಂಬುತ್ತಾರೆ ಅಂದರೆ ಆಶ್ಚರ್ಯ. ಪೇಪರಿನಲ್ಲಿ ದಿನಾ ಬರುತ್ತದೆ. ಓದುವುದಿಲ್ಲವಾ?

ಎಂಟು_ತಿಂಗಳ_ಗುಟ್ಟು | ಭಾನುವಾರ, 21:37

ರಾಜಾಜಿನಗರದ ಸರ್‌ಗೆ ಉತ್ತರ ಕೊಡಬೇಕು ಅಂತಲೇ ಹೊಸ ಖಾತೆ ತೆರೆದು ಬರೆಯುತ್ತಿದ್ದೇನೆ.

ನಾನು ಇಂಜಿನಿಯರ್. 46 ವರ್ಷ. ಪೇಪರ್ ದಿನಾ ಓದುತ್ತೇನೆ. ಒಂದು ದಿನ ಬೆಳಿಗ್ಗೆ ಫೋನ್ ಬಂತು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಮುಂಬೈ ಪೊಲೀಸರು ಮಾತಾಡುತ್ತಾರೆ ಅಂದರು. ವಿಡಿಯೋ ಕಾಲ್‌ನಲ್ಲಿ ಯೂನಿಫಾರ್ಮ್ ಹಾಕಿಕೊಂಡವನು ಕೂತಿದ್ದ. ಹಿಂದೆ ಲಾಂಛನ. ನನ್ನ ಆಧಾರ್ ನಂಬರಿನ ಕೊನೆಯ ಅಂಕಿಗಳನ್ನು ಅವನೇ ಹೇಳಿದ. ರೂಮಿನ ಬಾಗಿಲು ಹಾಕಿಕೊಳ್ಳಿ, ಯಾರಿಗೂ ಹೇಳಬೇಡಿ, ಹೇಳಿದರೆ ಅವರನ್ನೂ ಸೇರಿಸುತ್ತೇವೆ ಅಂದ. ಹೆಂಡತಿ ಅಡುಗೆಮನೆಯಲ್ಲಿದ್ದಳು. ನಾನು ಬಾಗಿಲು ಹಾಕಿಕೊಂಡು ಐದು ಗಂಟೆ ಕೂತೆ. ಅವಳು ಕಾಫಿಗೆ ಕರೆದಳು, ಮೀಟಿಂಗ್ ಇದೆ ಅಂದೆ. 3,20,000 ಕಳಿಸಿದೆ. "ಪರಿಶೀಲನೆ ಆದ ಮೇಲೆ ವಾಪಸ್" ಅಂತ ಹೇಳಿದ್ದ.

ಹೀಗೆ ವಿಡಿಯೋ ಕಾಲ್‌ನಲ್ಲೇ ಕೂಡಿಹಾಕುವ ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲೇ ಅದನ್ನು ಹೇಳಿದ್ದರು. ನಾನೂ ಕೇಳಿದ್ದೆ. ಆದರೆ ಆ ಐದು ಗಂಟೆಯಲ್ಲಿ ಒಂದು ಸಲವೂ ನೆನಪಾಗಲಿಲ್ಲ. ಹೆದರಿದ ತಲೆಯಲ್ಲಿ ಓದಿದ್ದು ಯಾವುದೂ ನಿಲ್ಲುವುದಿಲ್ಲ ಸರ್.

ಹೆಂಡತಿಗೆ ಎಂಟು ತಿಂಗಳು ಹೇಳಲಿಲ್ಲ. ಮಗನ ಫೀಸಿಗೆ ಸಾಲ ಮಾಡಿ ಸುಳ್ಳು ಹೇಳಿದೆ. ದೂರನ್ನೂ ಕೊಡಲಿಲ್ಲ, ಮನೆಗೆ ಪೊಲೀಸರು ಬಂದರೆ ಗೊತ್ತಾಗುತ್ತದೆ ಅಂತ. ಅವತ್ತೇ ಬಾಗಿಲು ತೆಗೆದು ಅವಳಿಗೆ ಹೇಳಿದ್ದರೆ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. ಕೊನೆಗೆ ಹೇಳಿದಾಗ ಅವಳು ಬೈಯಲಿಲ್ಲ. "ಒಬ್ಬನೇ ಹೇಗೆ ತಡ್ಕೊಂಡೆ?" ಅಂದಳು.

ಮೇಡಂ, ನಿಮ್ಮ ತಾಯಿ ಎರಡೇ ದಿನದಲ್ಲಿ ಹೇಳಿದರು. ಅವರಿಗೆ ನನಗಿಂತ ಧೈರ್ಯ ಜಾಸ್ತಿ ಇದೆ. ಇದನ್ನು ಅವರಿಗೆ ಓದಿ ಹೇಳಿ.

ವೀಕ್ಷಕ_ರಾಜಾಜಿನಗರ | ಭಾನುವಾರ, 22:10

ನಾನು ಬರೆದದ್ದು ತಪ್ಪಾಯಿತು. ಕ್ಷಮಿಸಿ ಮೇಡಂ. ತಾಯಿಯವರಿಗೂ ನನ್ನ ನಮಸ್ಕಾರ ತಿಳಿಸಿ.

ತ್ಯಾಗರಾಜನಗರ_ಮಗಳು | ಸೋಮವಾರ, 20:15

ಅಮ್ಮನಿಗೆ ಓದಿ ಹೇಳಿದೆ. ಇಂಜಿನಿಯರ್ ಸರ್ ಬರೆದದ್ದನ್ನು ಎರಡು ಸಲ ಓದಿಸಿದರು.

ಬ್ಯಾಂಕಿನಲ್ಲಿ ಬರವಣಿಗೆಯ ದೂರು ಕೊಟ್ಟೆವು, ಸೀಲ್ ಹಾಕಿಸಿಕೊಂಡೆವು. ಸೈಬರ್ ಅಪರಾಧ ನೋಡಿಕೊಳ್ಳುವ ನಮ್ಮ ವಿಭಾಗದ ಸೆನ್ ಪೊಲೀಸ್ ಠಾಣೆಗೂ ಹೋಗಿ ಬಂದೆವು. ಅಮ್ಮ ಮೊದಲ ಸಲ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ್ದು. ಅಲ್ಲಿನ ಹೆಣ್ಣುಮಗಳು ಕುರ್ಚಿ ಎಳೆದುಕೊಟ್ಟು ಸಮಾಧಾನವಾಗಿ ಕೇಳಿದರು. 48,500ರಲ್ಲಿ 8,500 ಒಂದು ಖಾತೆಯಲ್ಲಿ ಸಿಕ್ಕಿಬಿದ್ದಿದೆಯಂತೆ. ಉಳಿದದ್ದು ಗುರುವಾರ ರಾತ್ರಿಯೇ ಎಟಿಎಂನಿಂದ ತೆಗೆದುಬಿಟ್ಟಿದ್ದಾರೆ. ಸಿಕ್ಕ 8,500 ಕೈಗೆ ಬರಲು ಅರ್ಜಿ ಹಾಕಬೇಕು ಅಂದರು.

ಈಗ ಮುಂದಿನ ಏರ್ಪಾಡಿಗೆ ಸಲಹೆ ಕೊಡಿ.

ಬನಶಂಕರಿ_ಸೊಸೆ | ಸೋಮವಾರ, 20:50

ಯುಪಿಐ ಸರ್ಕಲ್ ನೋಡಿ ಅಕ್ಕಾ. 2024ರಲ್ಲಿ ಬಂತು. ನಿಮ್ಮ ಖಾತೆಯಿಂದ ಅಮ್ಮ ಖರ್ಚು ಮಾಡುವ ಹಾಗೆ ಮಾಡಬಹುದು. ಒಂದು ಬಗೆಯಲ್ಲಿ ತಿಂಗಳಿಗೆ 15,000ದವರೆಗೆ ಮಿತಿ ಹಾಕಿ ಬಿಟ್ಟುಬಿಡಬಹುದು. ಇನ್ನೊಂದರಲ್ಲಿ ಅವರು ಪ್ರತಿ ಸಲ ಕಳಿಸುವಾಗಲೂ ನಿಮ್ಮ ಫೋನಿಗೆ ಬರುತ್ತದೆ, ನೀವು ನಿಮ್ಮ ಪಿನ್ ಹಾಕಿದರೆ ಮಾತ್ರ ಹೋಗುತ್ತದೆ. ನಮ್ಮ ಅತ್ತೆಗೆ ಮೊದಲನೆಯದನ್ನು ಮಾಡಿದ್ದೇವೆ, ಚೆನ್ನಾಗಿ ನಡೆಯುತ್ತಿದೆ.

ತ್ಯಾಗರಾಜನಗರ_ಮಗಳು | ಸೋಮವಾರ, 21:30

ಅಮ್ಮನಿಗೆ ಹೇಳಿದೆ. "ನನ್ನ ಪಿಂಚಣಿ ಇರೋವಾಗ ನಿನ್ನ ದುಡ್ಡಲ್ಲಿ ಯಾಕೆ ಹೂವು ತರಲಿ? ಅರ್ಧ ಕೆಜಿ ಹುರುಳೀಕಾಯಿಗೂ ನಿನ್ನ ಅಪ್ಪಣೆ ಕೇಳ್ಬೇಕಾ?" ಅಂದರು. 33 ವರ್ಷ ಸ್ವಂತ ಸಂಬಳದಲ್ಲಿ ನಮ್ಮನ್ನು ಸಾಕಿದವರು. ನನಗೆ ಏನೂ ಹೇಳಲು ಆಗಲಿಲ್ಲ.

ನಿವೃತ್ತ_ಬ್ಯಾಂಕ್_ನೌಕರ | ಮಂಗಳವಾರ, 7:05

ತಾಯಿಯವರು ಹೇಳಿದ್ದರಲ್ಲಿ ನ್ಯಾಯ ಇದೆ. ಗ್ರಂಧಿಗೆ ಅಂಗಡಿಯವರು ಹೇಳಿದ ಎರಡು ಖಾತೆಯ ದಾರಿಯೇ ನಿಮಗೆ ಸರಿ. ನಮ್ಮ ಮನೆಯಲ್ಲೂ ಹಾಗೇ ಇದೆ. ಅದಕ್ಕೆ ಒಂದೇ ಒಂದು ಸೇರಿಸಿ: ಎರಡು ಖಾತೆಗೆ ಎರಡು ಬೇರೆ ಮೊಬೈಲ್ ನಂಬರ್ ಇರಲಿ.

ಯುಪಿಐ ಆಪ್ ನಿಮ್ಮ ಖಾತೆಯನ್ನು ಹುಡುಕುವುದೇ ಮೊಬೈಲ್ ನಂಬರಿನಿಂದ. ಒಂದೇ ನಂಬರಿಗೆ ಎರಡು ಖಾತೆ ಇದ್ದರೆ, ಆ ಫೋನ್ ಕಳ್ಳನ ಹಿಡಿತಕ್ಕೆ ಹೋದಾಗ ಎರಡಕ್ಕೂ ಅಪಾಯ. ಆದ್ದರಿಂದ ಪಿಂಚಣಿ ಖಾತೆಯ ನಂಬರನ್ನು ಬೇರೆ ಸಿಮ್‌ಗೆ ಬದಲಾಯಿಸಿ. ಆ ಸಿಮ್ಮನ್ನು ಹಳೇ ಬಟನ್ ಫೋನಿಗೆ ಹಾಕಿ ಮನೆಯಲ್ಲೇ ಇಡಿ. ಅದರಲ್ಲಿ ವಾಟ್ಸಾಪ್ ಇಲ್ಲ, ಎಪಿಕೆ ಇಲ್ಲ. ಸ್ಮಾರ್ಟ್‌ಫೋನಿಗೆ ಏನೇ ಹೊಕ್ಕರೂ ಪಿಂಚಣಿ ಖಾತೆಯ ಓಟಿಪಿ ಅದಕ್ಕೆ ಕಾಣುವುದಿಲ್ಲ. ನಂಬರ್ ಬದಲಾಯಿಸಲು ತಾಯಿಯವರೇ ಶಾಖೆಗೆ ಬರಬೇಕಾಗಬಹುದು, ಒಂದು ಸಲ ಕಷ್ಟಪಡಿ.

ಇನ್ನೊಂದು ಚಿಕ್ಕ ಖಾತೆ. ಅದು ಸ್ಮಾರ್ಟ್‌ಫೋನಿನ ನಂಬರಿಗೆ, ಯುಪಿಐ ಇರುವುದು ಅದಕ್ಕೆ ಮಾತ್ರ. ಪಿಂಚಣಿ ಖಾತೆಯಿಂದ ತಿಂಗಳ ಮೊದಲ ವಾರ 6,000 ತಾನಾಗಿಯೇ ಅಲ್ಲಿಗೆ ಹೋಗುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಡಿ. ದುಡ್ಡು ಅವರದೇ, ಖರ್ಚೂ ಅವರದೇ, ಯಾರ ಅಪ್ಪಣೆಯೂ ಬೇಡ. ಏನಾದರೂ ಹೆಚ್ಚುಕಮ್ಮಿ ಆದರೂ ಜೀವನದ ಉಳಿತಾಯಕ್ಕೆ ಕೈ ಹಾಕಲು ಆಗುವುದಿಲ್ಲ.

ಡೆಬಿಟ್ ಕಾರ್ಡಿನ ಆನ್‌ಲೈನ್ ಬಳಕೆಯನ್ನು ಆಫ್ ಮಾಡಿಸಿ. ಆನ್, ಆಫ್ ಮಾಡುವ ಸೌಲಭ್ಯವನ್ನು ಬ್ಯಾಂಕ್ ಕೊಡಲೇಬೇಕು ಅಂತ 2020ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಅಮ್ಮನ ಕಾರ್ಡಿನಲ್ಲಿ ಇದೊಂದು ಆಫ್ ಇದ್ದಿದ್ದರೆ ಗುರುವಾರ ದುಡ್ಡು ಹೋಗುತ್ತಿರಲಿಲ್ಲ. ಪಿಂಚಣಿ ಖಾತೆಗೆ ನೆಟ್‌ಬ್ಯಾಂಕಿಂಗ್ ಇದ್ದರೆ ತೆಗೆಸಿ, ಅಥವಾ ಬರೀ ನೋಡಲು ಮಾತ್ರ ಇರಲಿ. ಎಫ್‌ಡಿಯನ್ನು ಮನೆಯಲ್ಲಿ ಕೂತೇ ಮುರಿಯಬಹುದು ಅನ್ನುವುದು ಕಳ್ಳರಿಗೆ ಚೆನ್ನಾಗಿ ಗೊತ್ತು.

ಒಂದು ಎಚ್ಚರಿಕೆ. ಬಟನ್ ಫೋನಿನ ಸಿಮ್‌ಗೆ ರೀಚಾರ್ಜ್ ಮರೆಯಬೇಡಿ. ಬಹಳ ದಿನ ಬಿಟ್ಟರೆ ಆ ನಂಬರ್ ಬೇರೆಯವರ ಪಾಲಾಗುತ್ತದೆ.

ಕೋಡ್_ಬರೆಯುವವ_ಜೆಪಿನಗರ | ಮಂಗಳವಾರ, 8:40

ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಚಿಕ್ಕ ಖಾತೆಯ ಮೇಲೆ ಯುಪಿಐ ಲೈಟ್ ಹಾಕಿಕೊಡಿ. ಒಂದು ಸಲಕ್ಕೆ 1,000ದವರೆಗೆ ಪಿನ್ ಇಲ್ಲದೆ ಹೋಗುತ್ತದೆ, ಒಳಗೆ 5,000ಕ್ಕಿಂತ ಜಾಸ್ತಿ ಇಡಲು ಆಗುವುದಿಲ್ಲ. ಸಂತೆಯ ಗದ್ದಲದಲ್ಲಿ ನಾಲ್ಕು ಜನರ ಮುಂದೆ ಪಿನ್ ಒತ್ತುವುದು ತಪ್ಪುತ್ತದೆ. ಆದರೆ ಫೋನ್ ಲಾಕ್ ಇರಲೇಬೇಕು, ಲೈಟ್‌ನಲ್ಲಿ ಇರುವುದು ಪರ್ಸಿನಲ್ಲಿರುವ ದುಡ್ಡಿನ ಹಾಗೆ.

ಸ್ಕ್ಯಾನ್ ಮಾಡಿದ ಮೇಲೆ ಹೆಸರು ಓದುವ ಅಭ್ಯಾಸ ಮಾಡಿಸಿ. 2025ರ ಜುಲೈಯಿಂದ ಆಪ್‌ನಲ್ಲಿ ಕಾಣುವುದು ಬ್ಯಾಂಕಿನಲ್ಲಿರುವ ನಿಜವಾದ ಹೆಸರು. ಅಂಗಡಿಯ ಕ್ಯೂಆರ್ ಮೇಲೆ ಯಾರಾದರೂ ತಮ್ಮ ಸ್ಟಿಕ್ಕರ್ ಅಂಟಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಬನಶಂಕರಿ_ಸೊಸೆ | ಮಂಗಳವಾರ, 9:15

ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡುವುದನ್ನೂ ಮರೆಯಬೇಡಿ. ಬೆರಳಚ್ಚಿನ ನಕಲು ಮಾಡಿ ಖಾತೆಯಿಂದ ದುಡ್ಡು ತೆಗೆದ ಘಟನೆಗಳು ನಮ್ಮ ಊರಲ್ಲೇ ಆಗಿವೆ. ಬೇಕಾದಾಗ ಆಧಾರ್ ಆಪ್‌ನಲ್ಲೇ ಲಾಕ್ ತೆಗೆಯಬಹುದು.

ಕತ್ರಿಗುಪ್ಪೆ_ಹುಡುಗ | ಮಂಗಳವಾರ, 9:50

ಕ್ಯಾಶೇ ಬೆಸ್ಟ್ ಅಂದಿದ್ದೆ. ಇವತ್ತು ನಮ್ಮ ಅಜ್ಜಿಯ ಫೋನ್ ತೆಗೆದು ನೋಡಿದೆ. ಡೌನ್‌ಲೋಡ್ಸ್‌ನಲ್ಲಿ ಎರಡು ಎಪಿಕೆ ಇತ್ತು. ಒಂದರ ಹೆಸರು ಮದುವೆ ಕಾರ್ಡ್. ಅದೃಷ್ಟಕ್ಕೆ ಇನ್‌ಸ್ಟಾಲ್ ಆಗಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ತ್ಯಾಗರಾಜನಗರ_ಮಗಳು | ಮೂರು ವಾರದ ನಂತರ, ಶನಿವಾರ, 19:25

ಇಷ್ಟು ಜನ ಸಮಯ ಕೊಟ್ಟು ಬರೆದಿರಿ. ಏನಾಯಿತು ಅಂತ ಹೇಳದೆ ಇರಲು ಮನಸ್ಸಾಗಲಿಲ್ಲ.

8,500ಕ್ಕೆ ಅರ್ಜಿ ಹಾಕಿದ್ದೇವೆ, ಇನ್ನೂ ಬಂದಿಲ್ಲ. ಬ್ಯಾಂಕ್ ನೀವು ಹೇಳಿದ ಹಾಗೇ "ಅಜಾಗರೂಕತೆ" ಅಂತ ಉತ್ತರ ಕೊಟ್ಟಿದೆ. ಓಂಬುಡ್ಸ್‌ಮನ್‌ಗೆ ಬರೆದಿದ್ದೇನೆ. ಬಿಡುವುದಿಲ್ಲ.

ಎರಡು ಖಾತೆ, ಎರಡು ನಂಬರ್ ಆಯಿತು. ಬಟನ್ ಫೋನ್ ದೇವರ ಕೋಣೆಯ ಪಕ್ಕದ ಗೂಡಿನಲ್ಲಿದೆ. ಅದರ ರೀಚಾರ್ಜ್ ತಾರೀಖನ್ನು ಅಮ್ಮ ಕ್ಯಾಲೆಂಡರ್‌ನಲ್ಲಿ ಏಕಾದಶಿ ಗುರುತು ಹಾಕುವ ಹಾಗೆ ಸುತ್ತು ಹಾಕಿ ಇಟ್ಟಿದ್ದಾರೆ. ಸ್ಮಾರ್ಟ್‌ಫೋನ್ ಹತ್ತು ದಿನ ಮುಟ್ಟಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಇಬ್ಬರೂ ಗಾಂಧಿ ಬಜಾರಿಗೆ ಹೋದೆವು. ಮಲ್ಲಿಗೆ ಮೊಳಕ್ಕೆ ಚೌಕಾಸಿ ಮಾಡಿ, ಸ್ಕ್ಯಾನ್ ಮಾಡಿ, ಹೂವಿನವರ ಹೆಸರನ್ನು ಜೋರಾಗಿ ಓದಿ, "ನೀವೇನಾ?" ಅಂತ ಕೇಳಿ ಕಳಿಸಿದರು. ಅವರೂ "ನಾನೇ ಕಣಮ್ಮ, ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?" ಅಂದರು.

ಅಣ್ಣ, ನಾನು, ಅಮ್ಮ ಮೂವರೂ ಕೂತು ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಅನುಮಾನ ಬಂದು ಅಮ್ಮ ಯಾವ ಹೊತ್ತಿಗೆ ಫೋನ್ ಮಾಡಿದರೂ ನಾವು ಎತ್ತಬೇಕು. ಬೈಯಬಾರದು, "ನಿಂಗೆ ಅಷ್ಟೂ ಗೊತ್ತಾಗಲ್ವಾ" ಅನ್ನಬಾರದು. ಅಣ್ಣನಿಗೆ ಅದು ಸ್ವಲ್ಪ ಕಷ್ಟ, ಪ್ರಯತ್ನ ಮಾಡುತ್ತಿದ್ದಾನೆ.

ಈ ವಾರ ಅಮ್ಮ ಮೂರು ಸಲ ಫೋನ್ ಮಾಡಿದರು. ಎರಡು ಸಲ ನಿಜವಾದ ಮೆಸೇಜ್, ಒಂದು ಗ್ಯಾಸ್ ಸಿಲಿಂಡರಿನದು, ಇನ್ನೊಂದು ಬ್ಯಾಂಕಿನದು. ಮೂರನೆಯದು ನಿನ್ನೆ ಮಧ್ಯಾಹ್ನ. ಕೆವೈಸಿ ಇವತ್ತೇ ಮಾಡದಿದ್ದರೆ ಪಿಂಚಣಿ ನಿಲ್ಲುತ್ತದೆ ಅಂತ ಯಾರೋ ಹೇಳುತ್ತಿದ್ದಾರೆ ಅಂದರು. ಆ ಮನುಷ್ಯ ಇನ್ನೂ ಲೈನಿನಲ್ಲೇ ಇದ್ದ. ಅಮ್ಮ ಗೂಡಿನಿಂದ ಬಟನ್ ಫೋನ್ ತೆಗೆದು ಅದರಿಂದ ನನಗೆ ಮಾಡಿದ್ದರು.